ಕರ್ನಲ್ ಸ್ತಬ್ಧವಾದಾಗ ಎಷ್ಟು ಕಾಯುವುದು?

ಬೀದರ್ ನಗರದ ಗಾಂಧಿ ಗಂಜಿನಲ್ಲಿ ಉದ್ದು, ತೊಗರಿ, ಸೋಯಾಗಳ ಧಾರಣೆಯನ್ನು ಆಂಡ್ರಾಯ್ಡ್ ಫೋನಿನಲ್ಲಿ ವಿಚಾರಿಸುವ ಅಡತಿ ವರ್ತಕರಿಗೆ, ಆ ಫೋನಿನ ಅಂತರಂಗದಲ್ಲಿ ಕಾರ್ಯವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ನೆಲಸಿರುವುದಾಗಲಿ, ಅದು ಸ್ತಬ್ಧವಾದರೆ ಮಾಡತಕ್ಕುದೇನೆಂಬುದನ್ನು ರಚಿಸಿದವರು ಮೊದಲೇ ನಿರ್ಣಯಿಸಿರುವುದಾಗಲಿ ತಿಳಿದಿರಬೇಕಾದುದಿಲ್ಲ. ಇಂಥ ವಿಧಿಗಳನ್ನು ತಿದ್ದಬಲ್ಲವರು ಅತ್ಯಲ್ಪ; ಮಿಕ್ಕವರ ಪಾಲಿಗೆ ರಚಿಸಿದವರು ಇಟ್ಟ ಡಿಫಾಲ್ಟೇ ಶಾಸನ. ಆದಕಾರಣ ಡಿಫಾಲ್ಟುಗಳ ಜಾಡಿನಲ್ಲಿಯೇ ಕರ್ನಲಿನ ಸ್ತಬ್ಧತೆಯನ್ನು ಹಿಡಿಯುವ ವಿಧಾನಗಳ ಚರಿತ್ರೆಯನ್ನು ನೋಡುವುದು ಉಚಿತವೆಂದು ನನ್ನ ಮತ.

ಕರ್ನಲ್ ಒಂದು ಪ್ರೊಸೆಸರನ್ನು ಹಿಡಿದುಕೊಂಡು ಇತರ ಕಾರ್ಯಗಳಿಗೆ ಎಡೆಗೊಡದಿದ್ದರೆ ಅದು ಸಾಫ್ಟ್ ಲಾಕಪ್. ಯಂತ್ರಾಂಗಗಳ ತುರ್ತು ಕರೆಗಳಾದ ಇಂಟರಪ್ಟುಗಳಿಗೂ ಕಿವಿಗೊಡದಿದ್ದರೆ ಹಾರ್ಡ್ ಲಾಕಪ್. ಎರಡನೆಯದನ್ನು ಹಿಡಿಯಲು, ತಡೆಯಲಾಗದ ಇಂಟರಪ್ಟನ್ನು ಆಶ್ರಯಿಸಿದ ಎನ್‌ಎಂಐ ವಾಚ್‌ಡಾಗ್ ಮೊದಲಿನಿಂದ ಇದ್ದಿತು. ಮೊದಲನೆಯದಕ್ಕೆ 2005ರಲ್ಲಿ ಕರ್ನಲ್ ರಚನಕಾರ ಇಂಗೋ ಮೋಲ್ನಾರ್ ಪ್ರತಿ ಪ್ರೊಸೆಸರಿಗೂ ಉನ್ನತ ಆದ್ಯತೆಯ ಥ್ರೆಡ್ಡೊಂದನ್ನು ನಿಯಮಿಸಿ, ಅದು 10 ಸೆಕೆಂಡು ತನ್ನ ಕಾಲಮುದ್ರೆಯನ್ನೊತ್ತದಿದ್ದರೆ ಎಚ್ಚರಿಕೆ ಬರೆಯುವಂತೆ ಮಾಡಿದನು. 2010ರಲ್ಲಿ ಡಾನ್ ಜಿಕಸ್ ಇವೆರಡನ್ನೂ ಒಂದೇ ವ್ಯವಸ್ಥೆಗೆ ತಂದನು.

ಅಷ್ಟರಲ್ಲಿ ಎಚ್ಚರಿಕೆಯ ಅವಧಿಯು 10ರಿಂದ 60 ಸೆಕೆಂಡಿಗೇರಿದ್ದಿತು. 2011ರಲ್ಲಿ ಇದನ್ನು ಪ್ರಶ್ನಿಸಿದ ಮನ್‌ದೀಪ್ ಸಿಂಗ್ ಬೈನ್ಸ್ ಮುಂದಿಟ್ಟ ವಾದವು ಯಂತ್ರಶಾಸ್ತ್ರಕ್ಕಿಂತ ಮನುಷ್ಯಸ್ವಭಾವಕ್ಕೆ ಸೇರಿದುದು: ನೆಟ್‌ಬುಕ್ ಹಿಡಿದವನು ಒಂದು ನಿಮಿಷ ಕಾಯುವುದಿಲ್ಲ, ಪವರ್ ಗುಂಡಿಯನ್ನೊತ್ತಿಬಿಡುತ್ತಾನೆ, ಒತ್ತಿದೊಡನೆ ದೋಷದ ಸಾಕ್ಷ್ಯವೂ ಅಳಿದುಹೋಗುತ್ತದೆ. ಹಾರ್ಡ್ ಲಾಕಪ್ಪಿಗೆ 10, ಸಾಫ್ಟ್ ಲಾಕಪ್ಪಿಗೆ ಅದರ ಇಮ್ಮಡಿ 20 ಸೆಕೆಂಡೆಂಬ ಡಿಫಾಲ್ಟು ಹುಟ್ಟಿದುದು ಆಗಲೇ. ಇಂದಿಗೂ ಅದೇ ಉಳಿದಿದೆ. (ನಿದ್ರಾವಸ್ಥೆಯಲ್ಲಿ ಸಿಕ್ಕಿಬಿದ್ದ ಕಾರ್ಯಗಳಿಗೆ 120 ಸೆಕೆಂಡಿನ ಬೇರೊಂದು ಲೆಕ್ಕವುಂಟು.)

ಪತ್ತೆಯಾದ ಬಳಿಕ ಏನು? ಲಾಗಿನಲ್ಲಿ ಬರೆದು ಮುಂದುವರಿಯುವುದೇ ಸಾಫ್ಟ್ ಲಾಕಪ್ಪಿನ ಡಿಫಾಲ್ಟು. ಪ್ಯಾನಿಕ್ ಆಗಬೇಕಿದ್ದರೆ, ಎಂದರೆ ಕರ್ನಲ್ ತನ್ನ ಕೆಲಸವನ್ನೇ ನಿಲ್ಲಿಸಿಬಿಡಬೇಕಿದ್ದರೆ, ಕರ್ನಲನ್ನು ಕಟ್ಟುವಾಗಲೋ ಆಮೇಲೋ ಪ್ರತ್ಯೇಕವಾಗಿ ವಿಧಿಸಬೇಕು. ಯಾರೂ ಎದುರಿಗಿಲ್ಲದ ಸರ್ವರಿಗೆ ಪ್ಯಾನಿಕ್ಕೇ ಮೇಲೆಂದು ನನಗೆ ತೋರುತ್ತದೆ. ಆದರೆ ಸತ್ತ ಕರ್ನಲಿನ ಸ್ಮೃತಿಯನ್ನು ಉಳಿಸಿಕೊಳ್ಳದಿದ್ದರೆ ಅದು ವ್ಯರ್ಥ. ಆ ಕೊರತೆಯನ್ನು ನೀಗಿದ ಕೆಡಂಪ್ 2005ರ ಲಿನಕ್ಸ್ 2.6.13 ಆವೃತ್ತಿಯಲ್ಲಿ ಸೇರಿತು. ಮುಂಚಿತವಾಗಿ ಕಾದಿರಿಸಿದ ಮೆಮೊರಿಯಲ್ಲಿ ಎರಡನೆಯ ಕರ್ನಲೊಂದು ಎಚ್ಚತ್ತು ಮೊದಲನೆಯದರ ಶೇಷವನ್ನು ಸಂಗ್ರಹಿಸುವ ಈ ಉಪಾಯದಲ್ಲಿ ಐಬಿಎಮ್ಮಿನ ಬೆಂಗಳೂರು ಲಿನಕ್ಸ್ ತಂಡದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥರ ಪರಿಶ್ರಮ ಮುಖ್ಯವಾದುದು.

ಫೋನುಗಳ ಆರ್ಮ್ ಚಿಪ್ಪುಗಳಲ್ಲಾದರೋ ಎನ್‌ಎಂಐ ಸೌಕರ್ಯ ಬಹುಕಾಲ ದುರ್ಬಲವಾಗಿದ್ದಿತು. ಗಂಜಿನಲ್ಲಿ ಪಕ್ಕದ ಅಂಗಡಿಯ ಬಾಗಿಲಿನ ಮೇಲೊಂದು ಕಣ್ಣಿಡುವಂತೆ, ಪ್ರತಿ ಪ್ರೊಸೆಸರೂ ಮುಂದಿನದನ್ನು ಗಮನಿಸಲೆಂಬ ಕಾಲಿನ್ ಕ್ರಾಸ್‌ನ ಯುಕ್ತಿಯು ಆಂಡ್ರಾಯ್ಡಿಗಾಗಿಯೇ ಮೊಳೆತು, ಡಗ್ಲಸ್ ಆಂಡರ್ಸನ್‌ನ ಪ್ರಯತ್ನದಿಂದ 2023ರ ಲಿನಕ್ಸ್ 6.5 ಆವೃತ್ತಿಯಲ್ಲಿ ‘ಬಡ್ಡಿ’ (buddy, ಜೊತೆಗಾರ) ಪತ್ತೆಗಾರನಾಗಿ ಸೇರಿತು. ಇದರಿಂದ ಹಳೆಯ ವಿಧಾನಕ್ಕೆ ಮೀಸಲಾಗುತ್ತಿದ್ದ, ಪ್ರೊಸೆಸರಿನ ಕಾರ್ಯವನ್ನೆಣಿಸುವ ಒಂದು ಪರ್ಫ್ ಕೌಂಟರು ಉಳಿಯುತ್ತದೆ. ಆದರೆ ಪ್ರೊಸೆಸರುಗಳೆಲ್ಲವೂ ಏಕಕಾಲದಲ್ಲಿ ಸ್ತಬ್ಧವಾದರೆ ನೋಡುವವರೇ ಇರುವುದಿಲ್ಲವಾಗಿ, ಸೌಕರ್ಯವಿದ್ದೆಡೆ ಹಳೆಯ ವಿಧಾನವನ್ನೇ ಇಟ್ಟುಕೊಂಡು ಬಡ್ಡಿಯನ್ನು ಬೇಕಾದವರ ಆಯ್ಕೆಗೆ ಬಿಡಲಾಗಿದೆ.