ಹ್ಯಾನೋವರ್ ಪುರಭವನದ ನಾಲ್ಕು ಊರುಗಳು

ಪ್ರವಾಸಕ್ಕೆ ಹೋದವರು ಅರಮನೆ, ಇಗರ್ಜಿ, ಮ್ಯೂಸಿಯಂಗಳನ್ನು ನೋಡುವುದು ವಾಡಿಕೆ. ನಗರಸಭೆಯ ಕಚೇರಿಯನ್ನು ನೋಡಲು ಯಾರಾದರೂ ಹೋಗುತ್ತಾರೆಯೇ? ನಾನು ಬೆಳೆದ ಊರಿನಲ್ಲಿ ಮುನಿಸಿಪಾಲಿಟಿ ಆಫೀಸೆಂದರೆ ಕಂದಾಯ ಕಟ್ಟಲು, ಜನನ ಪತ್ರ ತರಲು ಮನಸ್ಸಿಲ್ಲದ ಮನಸ್ಸಿನಿಂದ ಹೋಗುವ ಜಾಗ. ಹೀಗಾಗಿ ಜರ್ಮನಿಯಲ್ಲಿ ವೈದ್ಯರ ಸಮ್ಮೇಳನವೊಂದನ್ನು ಮುಗಿಸಿಕೊಂಡು ಹೆಂಡತಿ, ಮಗಳೊಡನೆ ಹ್ಯಾನೋವರ್ ನಗರದಲ್ಲಿ ತಂಗಿದ್ದಾಗ, "ಮೊದಲು ನಮ್ಮ ಪುರಭವನ ನೋಡಿ" ಎಂದು ಹೋಟೆಲಿನವರು ಹೇಳಿದ್ದು ನನಗೆ ವಿಚಿತ್ರವೆನಿಸಿತ್ತು.

ಹ್ಯಾನೋವರ್ ಕನ್ನಡಿಗರಿಗೆ ತೀರ ಹೊರಗಿನ ಊರೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಮೂರನೆಯ ಜಾರ್ಜ್ ದೊರೆಯೇ ಹ್ಯಾನೋವರಿಗೂ ಒಡೆಯನಾಗಿದ್ದ. ಅದಕ್ಕಿಂತ ಹತ್ತಿರದ ನಂಟು ಇನ್ನೊಂದಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ಬಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಅಂದರೆ ನಮ್ಮ ಕಿಟ್ಟೆಲರು ಹುಟ್ಟಿನಿಂದ ಹ್ಯಾನೋವರ್ ದೊರೆಯ ಪ್ರಜೆ! 1866ರಲ್ಲಿ ಪ್ರಷ್ಯಾ ಆ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು.

ದೊರೆ ಹೋದ ಮೇಲೆ ಊರಿನ ಹಿರಿಮೆಯನ್ನು ತೋರಿಸಲು ಪುರಜನರು ಕಟ್ಟಿಸಿದ ಅರಮನೆಯೇ ಈ ಹೊಸ ಪುರಭವನ. 1901ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1913ರಲ್ಲಿ. ಜಾಗ ಜೌಗು ನೆಲವಾದ್ದರಿಂದ 6,026 ಬೀಚ್ ಮರದ ಕಂಬಗಳನ್ನು ನೆಲಕ್ಕೆ ಹೂಡಿ ಅವುಗಳ ಮೇಲೆ ಕಟ್ಟಡವನ್ನು ನಿಲ್ಲಿಸಿದ್ದಾರೆ. ಶಿಲ್ಪಿ ಹರ್ಮನ್ ಎಗರ್ಟ್. ಒಳಾಲಂಕಾರದ ವಿಚಾರದಲ್ಲಿ ನಗರಸಭೆಗೂ ಆತನಿಗೂ ಮನಸ್ತಾಪ ಬಂದು, ಉಳಿದ ಕೆಲಸವನ್ನು ಗುಸ್ಟಾವ್ ಹಾಲ್ಮ್‌ಹೂಬರ್ ಮುಗಿಸಿದ. ಉದ್ಘಾಟನೆಗೆ ಬಂದ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನಿಗೆ ನಗರಾಡಳಿತದ ಮುಖ್ಯಸ್ಥ ಹೈನ್ರಿಕ್ ಟ್ರಾಮ್, "ಹತ್ತು ಮಿಲಿಯನ್ ಮಾರ್ಕು ಮಹಾಪ್ರಭು, ಎಲ್ಲವೂ ನಗದು" ಎಂದನಂತೆ. ಸಾಲವಿಲ್ಲದ ಗೃಹಪ್ರವೇಶದ ಹೆಮ್ಮೆ! ಮರುವರ್ಷವೇ ಮಹಾಯುದ್ಧ ಆರಂಭವಾಯಿತು. 1918ರಲ್ಲಿ ಆ ಚಕ್ರವರ್ತಿ ಪಟ್ಟ ಬಿಟ್ಟು ಹಾಲೆಂಡಿಗೆ ಓಡಬೇಕಾಯಿತು.

ಗುಮ್ಮಟದ ಎತ್ತರ ಸುಮಾರು 98 ಮೀಟರ್. ಮೇಲಕ್ಕೆ ಒಯ್ಯುವ ಲಿಫ್ಟ್ ಗುಮ್ಮಟದ ಬಾಗನ್ನು ಅನುಸರಿಸಿ 17 ಡಿಗ್ರಿಯವರೆಗೆ ವಾಲಿಕೊಂಡೇ ಏರುತ್ತದೆ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು, ಮಗಳು ಚಪ್ಪಾಳೆ ತಟ್ಟಿದಳು. ಮೇಲಿನಿಂದ ಹಿಂಭಾಗದ ಉದ್ಯಾನ ಇಡಿಯಾಗಿ ಕಾಣುತ್ತದೆ. ಅದರ ಹೆಸರು ಮಾಷ್ ಪಾರ್ಕ್. 'ಮಾಷ್' ಎಂದರೆ ಆ ಸೀಮೆಯ ನುಡಿಯಲ್ಲಿ ಜೌಗು. ಊರಿನ ಉದ್ಯಾನಗಳ ಅಧಿಕಾರಿಯಾಗಿದ್ದ ಜೂಲಿಯಸ್ ಟ್ರಿಪ್ ಅದನ್ನು ರೂಪಿಸಿದ. ನಡುವೆ ಕೊಳ, ಸುತ್ತ ಮರಗಳು, ಕೊಳದ ನೀರಿನಲ್ಲಿ ಗುಮ್ಮಟದ ನೆರಳು. ಅದರಾಚೆ ಕಾಣುವ ದೊಡ್ಡ ಕೆರೆ 1936ರಲ್ಲಿ ಸಿದ್ಧವಾದ ಮಾಷ್ ಸೀ. ಮದುವೆ ನೋಂದಾಯಿಸಲು ಬಂದ ಜೋಡಿಯೊಂದು ಕೊಳದ ದಡದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿತ್ತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಕೆಳಗಿನ ವಿಶಾಲವಾದ ಹಜಾರದಲ್ಲಿ ಒಂದೇ ಊರಿನ ನಾಲ್ಕು ಮಾದರಿಗಳನ್ನು ಇಟ್ಟಿದ್ದಾರೆ. 1689ರ ಕೋಟೆಯೂರು, 1939ರ ತುಂಬಿದ ನಗರ, 1945ರ ನಗರ, ಇಂದಿನ ನಗರ. ಮೂರನೆಯದರಲ್ಲಿ ಸೂರಿಲ್ಲದ ಗೋಡೆಗಳ ಸಾಲುಗಳಷ್ಟೇ ಇವೆ. 1943ರ ಅಕ್ಟೋಬರ್ 8-9ರ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಎರಡೂವರೆ ಲಕ್ಷ ಜನ ಮನೆ ಕಳೆದುಕೊಂಡರು. ಮಗಳು ಕೇಳಿದಳು: "ಅಪ್ಪಾ, ಇಷ್ಟು ಚೆನ್ನಾಗಿರೋ ಮನೇಲಿ ಮುರಿದುಹೋದ ಊರನ್ನ ಯಾಕೆ ಇಟ್ಟಿದ್ದಾರೆ?"

ನನಗೆ ಅವು ಒಬ್ಬನೇ ರೋಗಿಯ ನಾಲ್ಕು ಎಕ್ಸ್‌ರೇಗಳಂತೆ ಕಂಡವು. ರೆಸಿಡೆನ್ಸಿಯ ಮೊದಲ ವರ್ಷ ನಾನು ಕಲಿತ ಪಾಠವಿದು: ರೋಗಿ ಹೇಳದೆ ಬಿಟ್ಟ ಮಾತಿನಲ್ಲೇ ಎಷ್ಟೋ ಸಲ ರೋಗದ ಬೇರು ಇರುತ್ತದೆ. ಎರಡನೆಯ ಮಾದರಿಯಿಂದ ಮೂರನೆಯದಕ್ಕೆ ಹೋಗುವಾಗ ಬಾಂಬುಗಳು ಮಾತ್ರ ನೆನಪಾದರೆ ಚರಿತ್ರೆ ಅರ್ಧವಷ್ಟೇ. 1938ರ ನವೆಂಬರಿನಲ್ಲಿ, ಹೊರಗಿನ ಒಂದು ಬಾಂಬೂ ಬೀಳುವ ಮೊದಲು, ಇಲ್ಲಿನ ಯಹೂದಿಗಳ ಪ್ರಾರ್ಥನಾ ಮಂದಿರವನ್ನು ನಾಟ್ಸಿಗಳು ಸುಟ್ಟರು. 1941ರ ಡಿಸೆಂಬರ್ 15ರಂದು ಈ ಊರಿನಿಂದ 1,001 ಯಹೂದಿಗಳನ್ನು ರೈಲಿನಲ್ಲಿ ರೀಗಾಕ್ಕೆ ಸಾಗಿಸಿದರು. ಬದುಕಿ ಉಳಿದವರು ನೂರು ಮಂದಿಯೂ ಇಲ್ಲ. ಕಟ್ಟಡಗಳ ಮಾದರಿಯಲ್ಲಿ ಇದು ಕಾಣಿಸುವುದಿಲ್ಲ. ಆದರೆ ಊರು ಇದನ್ನೂ ಮುಚ್ಚಿಟ್ಟಿಲ್ಲ. 1994ರಲ್ಲಿ ಒಪೆರಾ ಚೌಕದಲ್ಲಿ ಎತ್ತಿದ ಸ್ಮಾರಕದಲ್ಲಿ, ಕೊಲೆಯಾದ 1,900ಕ್ಕೂ ಹೆಚ್ಚು ಯಹೂದಿಗಳ ಹೆಸರುಗಳನ್ನು ಕೆತ್ತಿದ್ದಾರೆ.

ಪುರಭವನದಿಂದ ಸ್ವಲ್ಪ ದೂರ ನಡೆದರೆ ಸೂರು ಹಾರಿದ ಏಗಿಡಿಯನ್ ಇಗರ್ಜಿ ಸಿಗುತ್ತದೆ. ಅದನ್ನು ರಿಪೇರಿ ಮಾಡದೆ ಹಾಗೆಯೇ ಉಳಿಸಿದ್ದಾರೆ. 1983ರಲ್ಲಿ ಹಿರೋಶಿಮಾದೊಡನೆ ಸೋದರಿ ನಗರದ ನಂಟು ಬೆಳೆಯಿತು. ಅಲ್ಲಿಂದ ಬಂದ ಶಾಂತಿಯ ಗಂಟೆ ಈಗ ಆ ಪಾಳುಗೋಡೆಗಳ ನಡುವೆ ಇದೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಲೋಯರ್ ಸ್ಯಾಕ್ಸನಿ ರಾಜ್ಯದ ಉದಯವನ್ನು ಘೋಷಿಸಿದ್ದು ಇದೇ ಪುರಭವನದ ಹಜಾರದಲ್ಲಿ. ಕಿಟ್ಟೆಲರ ಹಳ್ಳಿ ಇಂದು ಆ ರಾಜ್ಯದಲ್ಲಿದೆ.

ಊರಿಗೆ ಮರಳಿದ ವಾರವೇ ಈ ಸಂಚಿಕೆಗೆ ನಮ್ಮ ಸಂಘದ ಚರಿತ್ರೆಯ ಟಿಪ್ಪಣಿ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಅಧ್ಯಕ್ಷರ ಪಟ್ಟಿ, ನಾಟಕಗಳು, ದಾಸೋಹ, ಕನ್ನಡ ಶಾಲೆ ಎಲ್ಲ ಬರೆದೆ. ಒಂದು ವರ್ಷವನ್ನು ಮಾತ್ರ ಹಾರಿಸಿಬಿಟ್ಟಿದ್ದೆ. ಆ ವರ್ಷ ಒಂದೇ ಊರಿನಲ್ಲಿ ಎರಡು ಯುಗಾದಿ ನಡೆದವು. ಸ್ನೇಹಿತರು ಅಂಗಡಿಯಲ್ಲಿ ಎದುರಾದರೂ ಮಾತಾಡಲಿಲ್ಲ. ಒಂದು ಗುಂಪಿನಲ್ಲಿ ನಾನೂ ಇದ್ದೆ. ಮನೆ ಬಾಗಿಲಿಗೆ ಬಂದ ಹಿರಿಯರೊಬ್ಬರಿಗೆ ಬಿರುಸಾಗಿ ಉತ್ತರ ಕೊಟ್ಟು ಕಳಿಸಿದವನೂ ನಾನೇ. ಅವರ ಕ್ಷಮೆ ಕೇಳಲು ನನಗೆ ಮೂರು ವರ್ಷ ಬೇಕಾಯಿತು.

ಯುದ್ಧಕ್ಕೂ ನಮ್ಮ ಜಗಳಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಮಗಳ ಪ್ರಶ್ನೆಗೆ ಉತ್ತರ ನನಗೆ ಹೊಳೆದದ್ದು ಆಗಲೇ. ಮೂರನೆಯ ಮಾದರಿ ಇಲ್ಲದಿದ್ದರೆ ನಾಲ್ಕನೆಯದರ ಬೆಲೆ ಯಾರಿಗೂ ತಿಳಿಯುವುದಿಲ್ಲ. ಆ ವರ್ಷವನ್ನೂ ಟಿಪ್ಪಣಿಗೆ ಸೇರಿಸಿ ಕೊಟ್ಟಿದ್ದೇನೆ. ಮುಂದೆ ಸಂಘವನ್ನು ನಡೆಸುವ ಮಕ್ಕಳು ಅದನ್ನು ಓದಲಿ, ಮತ್ತೆ ಒಂದಾದ ಬಗೆಯನ್ನೂ ತಿಳಿಯಲಿ.