ಮೊದಲು 300 ಪುಸ್ತಕ ಓದಿ ಬನ್ನಿ!

ಅಮೆರಿಕದ ಲೈಬ್ರರಿಗಳಲ್ಲಿ ಮಕ್ಕಳಿಗೆ ಅಂತಲೇ ಕೋಣೆಗಳು ಶುರುವಾಗಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. 1896ರಲ್ಲಿ ಬ್ರೂಕ್ಲಿನ್ನಿನ ಪ್ರಾಟ್ ಇನ್‌ಸ್ಟಿಟ್ಯೂಟಿನಲ್ಲಿ ಅಂಥ ಕೋಣೆ ನೋಡಿಕೊಂಡ ಆನ್ ಕ್ಯಾರೊಲ್ ಮೂರ್, 1906ರಿಂದ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮಕ್ಕಳ ವಿಭಾಗ ಕಟ್ಟಿದರು. ಸರಿ, ಚಿಕ್ಕವರದ್ದಾಯ್ತು. ಹದಿನೈದು, ಹದಿನಾರರ ಹುಡುಗರು ಎಲ್ಲಿಗೆ ಹೋಗಬೇಕು? ಮಕ್ಕಳ ಕೋಣೆಯಲ್ಲಿ ಕೂರೋಕೆ ನಾಚಿಕೆ, ದೊಡ್ಡವರ ಕಪಾಟಿನ ಮುಂದೆ ನಿಂತರೆ ದಿಕ್ಕು ತೋಚಲ್ಲ.

ಈ ನಡುವಿನವರಿಗಾಗಿ ದುಡಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಮಾರ್ಗರೆಟ್ ಎಡ್ವರ್ಡ್ಸ್. ಮೊದಲು ಲ್ಯಾಟಿನ್ ಟೀಚರ್ ಆಗಿದ್ದವರು. 1932ರಲ್ಲಿ ಬಾಲ್ಟಿಮೋರಿನ ಈನಕ್ ಪ್ರಾಟ್ ಲೈಬ್ರರಿ ಸೇರಿದರು (ಆ ಪ್ರಾಟೇ ಬೇರೆ, ಈ ಪ್ರಾಟೇ ಬೇರೆ!). ಹೊಸದಾಗಿ ಬಂದ ಸಹಾಯಕರಿಗೆ ಅವರು ಕೊಡುತ್ತಿದ್ದ ತರಬೇತಿ ಏನು ಗೊತ್ತಾ? ಪಟ್ಟಿಯಲ್ಲಿರುವ 300 ಪುಸ್ತಕ ಓದಬೇಕು. ಹತ್ತು ಹತ್ತು ಮುಗಿಸಿದ ಹಾಗೆ ಬಂದು ಅವರೆದುರು ಕೂತು ಚರ್ಚಿಸಬೇಕು. ಕ್ಯಾಟಲಾಗ್ ಕಲಿತವರು ಪುಸ್ತಕ ಎಲ್ಲಿದೆ ಅಂತ ಹೇಳಬಲ್ಲರು. ‘ಇದನ್ನೊಮ್ಮೆ ಓದಿ ನೋಡಪ್ಪ’ ಅಂತ ಹುಡುಗನ ಕೈಗಿಡೋಕೆ ತಾವೇ ಓದಿರಬೇಕಲ್ಲ... ನಮ್ಮ ಲೈಬ್ರರಿ ಸೈನ್ಸ್ ಕೋರ್ಸುಗಳಲ್ಲೂ ಇಂಥದ್ದೊಂದು ಪೇಪರ್ ಇದ್ದಿದ್ದರೆ ಅನ್ನಿಸುತ್ತೆ ನನಗೆ.

ಹೈಸ್ಕೂಲುಗಳಿಗೆ ಹೋಗಿ ಪುಸ್ತಕಗಳ ಬಗ್ಗೆ ಮಾತಾಡಿದರು. 1940ರ ದಶಕದಲ್ಲಿ, ನಮ್ಮ ತರಕಾರಿ ಗಾಡಿಯವರ ಹಾಗೆ, ಕುದುರೆ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಬೀದಿಗಿಳಿದರು.

1962ರಲ್ಲಿ ನಿವೃತ್ತಿ, 1988ರಲ್ಲಿ ನಿಧನ. ಅದೇ ವರ್ಷ ಅವರ ಹೆಸರಿನಲ್ಲಿ ಪ್ರಶಸ್ತಿ ಶುರುವಾಯಿತು. ಅದು ಸಿಗೋದು ಲೈಬ್ರರಿಯನ್ನರಿಗಲ್ಲ, ಹದಿಹರೆಯದವರು ಓದುವಂಥದ್ದನ್ನು ಬರೆದವರಿಗೆ. ಮೊದಲ ಪ್ರಶಸ್ತಿ ‘ದಿ ಔಟ್‌ಸೈಡರ್ಸ್’ ಬರೆದ ಎಸ್. ಇ. ಹಿಂಟನ್‌ಗೆ. ಅದನ್ನು ಬರೆದಾಗ ಆಕೆ ಇನ್ನೂ ಹೈಸ್ಕೂಲ್ ಹುಡುಗಿ!