ಮೋಟಾರು ಕಾರಿನ ಬಾನುಲಿ ಪೆಟ್ಟಿಗೆ: ಅರಕಲಗೂಡು ಸೀಮೆಯಿಂದ ಒಂದು ಆಕರ ವಿಚಾರ

ಅರಕಲಗೂಡು ತಾಲ್ಲೂಕಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಕೈಗೆತ್ತಿಕೊಳ್ಳುವುದು ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವನ್ನು. ಕಲ್ಲಿನ ಮೇಲಣ, ತಾಮ್ರದ ಮೇಲಣ ಬರಹವನ್ನು ಓದುವ ಕ್ರಮವನ್ನು ನಾವು ಕಲಿತಿದ್ದೇವೆ. ಒಂದಕ್ಷರ ಮುಕ್ಕಾಗಿದ್ದರೆ ಅದನ್ನು ಹಾಗೆಂದೇ ತೋರಿಸುವ ಎಚ್ಚರವನ್ನೂ ಪಡೆದಿದ್ದೇವೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬಂದೊಡನೆ ಈ ಎಚ್ಚರ ಸಡಿಲವಾಗುತ್ತದೆ. ಆ ಕಾಲದ ವಸ್ತುಗಳು ನಮ್ಮ ಕಣ್ಣಿಗೆ ಆಕರಗಳಾಗಿ ತೋರದೆ ಹಳೆಯ ಸಾಮಾನುಗಳಾಗಿ ಮಾತ್ರ ತೋರುತ್ತವೆ. ಅಂಥ ಸಾಮಾನುಗಳಲ್ಲಿ ಒಂದಾದ ಮೋಟಾರು ಕಾರಿನ ಬಾನುಲಿ ಪೆಟ್ಟಿಗೆಯನ್ನು, ಹಾಗೂ ಅದನ್ನು ಸಂಗ್ರಹಿಸುವವರ ಪದ್ಧತಿಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು.

ಅರಕಲಗೂಡಿಗೆ ರೈಲುಮಾರ್ಗವಿಲ್ಲ. ಹಾಸನದಿಂದ ಸುಮಾರು 30 ಕಿಲೋಮೀಟರು ದೂರದ ಈ ಊರಿಗೂ, ಅದರಾಚೆಯ ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳಿಗೂ ಹೊರಗಿನ ಪ್ರಪಂಚ ಬಂದದ್ದು ರಸ್ತೆಯ ಮೂಲಕವೇ. ಇಲ್ಲಿನ ಅನುಕೂಲಸ್ಥರ ಮನೆಗಳಲ್ಲಿಯೂ ನೆರೆಯ ಕಾಫಿ ಸೀಮೆಯ ತೋಟಗಾರರಲ್ಲಿಯೂ ಕಾರು ಇದ್ದುದಕ್ಕೆ ಇದೂ ಒಂದು ಕಾರಣ. ಎರಡನೆಯ ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ವಿದ್ಯುತ್ತು ಇನ್ನೂ ಬಾರದಿದ್ದ ಹಳ್ಳಿಯಲ್ಲಿಯೂ ಕಾರು ತನ್ನ ವಿದ್ಯುತ್ತನ್ನು ತಾನೇ ಹೊತ್ತು ತರುತ್ತಿತ್ತು. ಗೋಡೆಯಲ್ಲಿ ಪ್ಲಗ್ಗು ಇಲ್ಲದ ಊರಿನಲ್ಲಿ ಕಾರಿನ ಬ್ಯಾಟರಿಯಿಂದ ಬಾನುಲಿ ಹಾಡಬಲ್ಲುದಾಗಿತ್ತು. ಟ್ರಾನ್ಸಿಸ್ಟರು ಹಳ್ಳಿಹಳ್ಳಿಗೂ ತಲಪುವ ಮುನ್ನ ಯಾರು, ಎಲ್ಲಿ, ಏನನ್ನು ಕೇಳಿದರು ಎಂಬ ಪ್ರಶ್ನೆಗೆ ಉತ್ತರ ಹುಡುಕುವವನು ಈ ಪೆಟ್ಟಿಗೆಯನ್ನು ಬಿಟ್ಟು ಮುಂದೆ ಹೋಗಲಾರ.

ಬಾನುಲಿಯ ಚರಿತ್ರೆಯಲ್ಲಿ ಈ ಸೀಮೆಗೆ ಒಂದು ವಿಶೇಷ ಸ್ಥಾನವುಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಸಾಮರ್ಥ್ಯದ ಪ್ರಸಾರಯಂತ್ರವೊಂದನ್ನಿಟ್ಟುಕೊಂಡು ‘ಆಕಾಶವಾಣಿ’ಯನ್ನು ಆರಂಭಿಸಿದರು. ಇಡೀ ದೇಶದ ಬಾನುಲಿ ಸಂಸ್ಥೆ ಆ ಹೆಸರನ್ನು ಸ್ವೀಕರಿಸಿದ್ದು ಬಹುಕಾಲದ ಮೇಲೆ, 1950ರ ದಶಕದಲ್ಲಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಾದರೋ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು 1948ರಲ್ಲಿ ಮೈಸೂರು ಆಕಾಶವಾಣಿಯನ್ನು ಸೇರಿ, ಮುಂದೆ ಬೆಂಗಳೂರು ನಿಲಯದಲ್ಲಿಯೂ ಇದ್ದು, ಒಟ್ಟು ಮೂರು ದಶಕಗಳ ಕಾಲ ಸೇವೆ ಸಲ್ಲಿಸಿದರು. ಅಂದರೆ ಮೈಸೂರು ಬಾನುಲಿಯಲ್ಲಿ ಯಾರು ಹಾಡಿದರು ಎಂಬುದಕ್ಕೆ ಈ ತಾಲ್ಲೂಕಿನಲ್ಲಿ ಉತ್ತರವಿದೆ. ಅದು ಇಲ್ಲಿಯ ರಸ್ತೆಯ ಮೇಲೆ ಕೇಳುತ್ತಿತ್ತೆ ಎಂಬುದಕ್ಕೆ ಉತ್ತರವನ್ನು ಯಾವ ಕಡತವೂ ಹೇಳುವುದಿಲ್ಲ.

ಅರಕಲಗೂಡು ಮೈಸೂರಿನಿಂದ ನೇರ ಅಳತೆಯಲ್ಲಿ ಸುಮಾರು 80 ಕಿಲೋಮೀಟರು, ಬೆಂಗಳೂರಿನಿಂದ ಸುಮಾರು 165. ಮನೆಯೊಂದರಲ್ಲಿಟ್ಟಿದ್ದ 30 ವಾಟಿನ ಯಂತ್ರದ ಧ್ವನಿಯನ್ನು ಹಗಲು ಹೊತ್ತಿನಲ್ಲಿ ಇಷ್ಟು ದೂರದಿಂದ, ಅದೂ ಎಂಜಿನ್ನಿನ ಕಿಡಿಗಳ ಗದ್ದಲದ ನಡುವೆ, ಹಿಡಿಯುವುದು ಕಷ್ಟಸಾಧ್ಯ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನೇ ಹಿಡಿದು ಸಾಗಿ ಬೇಗ ಕ್ಷೀಣಿಸುತ್ತವೆ. ರಾತ್ರಿ ಮೇಲಣ ವಾಯುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲಿ ಹೋಗುತ್ತವೆ. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿಸಿತು. ಆದುದರಿಂದ ಒಂದು ಕಾರಿನಲ್ಲಿ ಬಾನುಲಿ ಇತ್ತು ಎಂದು ತಿಳಿದುಕೊಂಡರೆ ಸಾಲದು. ಅದು ಯಾವ ವರ್ಷದ್ದು, ಎಷ್ಟು ವಾಲ್ವಿನದು, ಯಾವ ತರಂಗಗಳನ್ನು ಹಿಡಿಯುತ್ತಿತ್ತು ಎಂಬುದೂ ತಿಳಿಯಬೇಕು. ಇದನ್ನು ಪೆಟ್ಟಿಗೆಯೇ ಹೇಳಬೇಕು.

ಅದು ಹೇಳುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಸೋದರರು 1930ರಲ್ಲಿ ಮಾರುಕಟ್ಟೆಗೆ ತಂದ ಪೆಟ್ಟಿಗೆಗೆ ‘ಮೋಟೊರೋಲ’ ಎಂದು ಹೆಸರಿಟ್ಟರು. ಕಂಪೆನಿಗೂ ಆ ಹೆಸರೇ ಬಂದದ್ದು 1947ರಲ್ಲಿ. ಜರ್ಮನಿಯ ಬ್ಲೌಪುಂಕ್ಟ್ ಕಂಪೆನಿ 1932ರಲ್ಲಿ ಹೊರತಂದ ಪೆಟ್ಟಿಗೆ ಸುಮಾರು 15 ಕಿಲೋ ತೂಗುತ್ತಿತ್ತು. ಬೆಲೆ 465 ಮಾರ್ಕು, ಅಂದರೆ ಒಂದು ಸಣ್ಣ ಕಾರಿನ ಬೆಲೆಯ ಮೂರನೆಯ ಒಂದು ಭಾಗ! ವಾಲ್ವುಗಳಿಗೆ ಇನ್ನೂರು ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಬೇಕು. ಕಾರಿನ ಬ್ಯಾಟರಿಯಲ್ಲಿರುವುದು ಆರು ಇಲ್ಲವೆ ಹನ್ನೆರಡು. ಈ ಕಂದಕವನ್ನು ದಾಟಿಸಿದ್ದು ವೈಬ್ರೇಟರ್ ಎಂಬ ಸಣ್ಣ ಡಬ್ಬಿ. ಅದರೊಳಗಿನ ಉಕ್ಕಿನ ನಾಲಗೆ ಕ್ಷಣಕ್ಕೆ ನೂರಕ್ಕೂ ಹೆಚ್ಚು ಸಲ ಕಂಪಿಸಿ ನೇರ ವಿದ್ಯುತ್ತನ್ನು ಕತ್ತರಿಸುತ್ತದೆ. ಕತ್ತರಿಸಿದ ವಿದ್ಯುತ್ತನ್ನು ಪರಿವರ್ತಕ ಹೆಚ್ಚಿಸುತ್ತದೆ. ಹಳೆಯ ಕಾರಿನ ಬಾನುಲಿಯನ್ನು ಹಚ್ಚಿದೊಡನೆ ಹಾಡಿಗಿಂತ ಮೊದಲು ಕೇಳುವ ‘ಗುಂಯ್’ ಎಂಬ ಸದ್ದು ಇದರದೇ. 1955ರಲ್ಲಿ ಕ್ರೈಸ್ಲರ್ ಕಾರಿಗಾಗಿ ಫಿಲ್ಕೊ ಕಂಪೆನಿ ಸಂಪೂರ್ಣವಾಗಿ ಟ್ರಾನ್ಸಿಸ್ಟರಿನ ಪೆಟ್ಟಿಗೆಯನ್ನು ನಿರ್ಮಿಸಿತು. ಅದೇ ಸುಮಾರಿನಲ್ಲಿ ಹನ್ನೆರಡು ವೋಲ್ಟಿನಲ್ಲಿಯೇ ನೇರವಾಗಿ ಕೆಲಸ ಮಾಡುವ ವಾಲ್ವುಗಳೂ ಬಂದು, ವಾಲ್ವು ಟ್ರಾನ್ಸಿಸ್ಟರುಗಳೆರಡೂ ಬೆರೆತ ಒಂದು ಮಿಶ್ರ ಜಾತಿ ಕೆಲವು ವರ್ಷಗಳ ಕಾಲ ಬಾಳಿತು. ಸಂಗ್ರಹಕಾರರು ಇದನ್ನು ಅಷ್ಟಾಗಿ ಆದರಿಸುವುದಿಲ್ಲ. ಕಾಲನಿರ್ಣಯಕ್ಕಾದರೋ ಇದರಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಡಯಲಿನ ಮೇಲಣ ಬರಹವೂ ಹಾಗೆಯೇ. ‘ಕಿಲೋಸೈಕಲ್’ ಎಂದಿದ್ದರೆ ಹಳೆಯದೆಂದೂ, ‘ಕಿಲೋಹರ್ಟ್ಸ್’ ಎಂದಿದ್ದರೆ ಹೆಚ್ಚುಪಾಲು 1960ರ ಈಚಿನದೆಂದೂ ಹಿಡಿಯಬಹುದು. ಅಂತರರಾಷ್ಟ್ರೀಯ ತೂಕ ಅಳತೆಗಳ ಸಮ್ಮೇಳನ ‘ಹರ್ಟ್ಸ್’ ಎಂಬ ಮಾನವನ್ನು ಒಪ್ಪಿದ್ದು ಆ ವರ್ಷ. ವೋಲ್ಟೇಜನ್ನು ಮಾತ್ರ ನಂಬಬಾರದು. ಅಮೆರಿಕದ ಕಾರುಗಳು ಆರರಿಂದ ಹನ್ನೆರಡಕ್ಕೆ ಬದಲಾದದ್ದು 1950ರ ದಶಕದ ನಡುಭಾಗದಲ್ಲಿ. ಇಂಗ್ಲೆಂಡಿನ ಅನೇಕ ಕಾರುಗಳು ಅದಕ್ಕೂ ಮೊದಲೇ ಹನ್ನೆರಡಕ್ಕೆ ಬಂದಿದ್ದರೆ, ಫೋಕ್ಸ್‌ವಾಗನ್ ಇನ್ನೂ ಒಂದು ದಶಕ ಆರರಲ್ಲಿಯೇ ಉಳಿಯಿತು.

ಕಾರಿನಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸುವ ಯಂತ್ರಗಳೂ ಇದ್ದುವು. 1956ರ ಮಾದರಿಯ ಕ್ರೈಸ್ಲರ್ ಕಾರುಗಳಿಗೆ ಪೀಟರ್ ಗೋಲ್ಡ್‌ಮಾರ್ಕ್ ಎಂಬಾತ ರೂಪಿಸಿದ, ನಿಮಿಷಕ್ಕೆ ಹದಿನಾರು ಮತ್ತು ಮೂರನೆಯ ಎರಡು ಸುತ್ತು ತಿರುಗುವ ತಟ್ಟೆಯ ಯಂತ್ರ, 1960ರ ದಶಕದ ಎಂಟು ಪಥಗಳ ಟೇಪು, 1963ರಲ್ಲಿ ಫಿಲಿಪ್ಸ್ ಕಂಪೆನಿ ತೋರಿಸಿದ ಕ್ಯಾಸೆಟ್ಟು ಇವೆಲ್ಲ ಈ ಸಾಲಿಗೆ ಸೇರುತ್ತವೆ. ಹೊರನಾಡುಗಳ ಸಂಗ್ರಹಕಾರರು ಇವಕ್ಕೆ ಪ್ರಾಣ ಬಿಡುತ್ತಾರೆ. ನಮ್ಮ ಪ್ರಶ್ನೆಗೆ ಇವುಗಳಿಂದ ಹೆಚ್ಚು ಸಹಾಯವಿಲ್ಲ.

ಸಹಾಯವಾಗುವುದು ಹ್ರಸ್ವ ತರಂಗದ ಪಟ್ಟಿ. 1952ರಿಂದ ಮುಂದೆ ಬಿ. ವಿ. ಕೇಸ್ಕರರು ಪ್ರಸಾರ ಖಾತೆಯ ಸಚಿವರಾಗಿದ್ದ ಕಾಲದಲ್ಲಿ ಆಕಾಶವಾಣಿಯಿಂದ ಚಲನಚಿತ್ರಗೀತೆಗಳು ಮರೆಯಾದುವು. ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳನ್ನು ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಆರಂಭವಾದುದರ ಹಿನ್ನೆಲೆ ಇದೇ. ಸಿಲೋನಿನ ಹಿಂದಿ ಪ್ರಸಾರ ಬರುತ್ತಿದ್ದುದು 25 ಮತ್ತು 41 ಮೀಟರಿನ ಹ್ರಸ್ವ ತರಂಗಗಳಲ್ಲಿ. ಮಧ್ಯಮ ತರಂಗ ಮಾತ್ರವಿದ್ದ ಕಾರಿನ ಬಾನುಲಿಗೆ ಅದು ಎಟುಕದು. ಹೀಗಾಗಿ ಒಂದು ಕಾರಿನಲ್ಲಿ ಹ್ರಸ್ವ ತರಂಗದ ಪೆಟ್ಟಿಗೆ ಇತ್ತೆಂದರೆ, ಅದರ ಒಡೆಯ ಅದಕ್ಕಾಗಿ ಹೆಚ್ಚು ಹಣ ತೆತ್ತಿದ್ದನೆಂದೂ, ನಾಡಿನ ನಿಲಯಗಳ ಆಚೆಗೂ ಅವನ ಕಿವಿ ಹೋಗುತ್ತಿತ್ತೆಂದೂ ಊಹಿಸಲು ಅವಕಾಶವಿದೆ.

ಇನ್ನು ಸಂಗ್ರಹದ ವಿಚಾರ. ಹಳೆಯ ಕಾರುಗಳ ಸಂಗ್ರಹ ಕರ್ನಾಟಕದಲ್ಲಿ ಇಂದು ಗೌರವದ ಕಾರ್ಯವಾಗಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ವನ್ನೂ ವಿದ್ಯಾರ್ಥಿಗಳು ನೋಡಿರಬಹುದು. ಕಾರಿಗೆ ಸಿಕ್ಕ ಈ ಭಾಗ್ಯ ಅದರ ಬಾನುಲಿಗೆ ಸಾಮಾನ್ಯವಾಗಿ ಸಿಕ್ಕಿಲ್ಲ. ಹಾಸನದ ಕಡೆಯ ಗುಜರಿ ಅಂಗಡಿಗೆ ಬಿದ್ದ ಕಾರು ಬಿಡಿಭಾಗಗಳಾಗಿ ಬೆಂಗಳೂರನ್ನು ಸೇರುತ್ತದೆ. ಅಲ್ಲಿ ಮೋಟಾರಿನ ಭಾಗಗಳಿಗೆ ಜೆ. ಸಿ. ರಸ್ತೆ, ವಾಲ್ವು ಕಂಡೆನ್ಸರುಗಳಿಗೆ ಎಸ್. ಪಿ. ರಸ್ತೆ. ಕಾರಿನ ಬಾನುಲಿ ಈ ಎರಡು ಪೇಟೆಗಳ ನಡುವೆ ಇಬ್ಭಾಗವಾಗುತ್ತದೆ: ಮುಖಫಲಕ ಒಂದು ಕಡೆ, ಕರುಳು ಇನ್ನೊಂದು ಕಡೆ.

ಉಳಿಸಬೇಕೆಂಬ ಆಸೆಯಿಂದ ಕೊಳ್ಳುವವರಿಂದಲೂ ನಷ್ಟವಾಗುತ್ತದೆ. ಕಾರು ಮೆರವಣಿಗೆಗೆ ಹೋಗಬೇಕು, ಬಾನುಲಿ ಹಾಡಬೇಕು ಎಂದು ಪೆಟ್ಟಿಗೆಯ ಒಳಗಿನದನ್ನೆಲ್ಲ ಕಿತ್ತು ಹೊಸ ಸಲಕರಣೆಯನ್ನು ಕೂಡಿಸುತ್ತಾರೆ. ಹೊರಗೆ ಹಳೆಯ ಗುಂಡಿಗಳು ಹೊಳೆಯುತ್ತವೆ, ಒಳಗಿನಿಂದ ಮೊಬೈಲಿನ ಹಾಡು ಬರುತ್ತದೆ. ಒಡೆಯನ ಸಂತೋಷಕ್ಕೆ ನಾನು ಅಡ್ಡಬರುವವನಲ್ಲ. ಆದರೆ ಶಾಸನದ ಕಲ್ಲನ್ನು ನುಣ್ಣಗೆ ಉಜ್ಜಿ ಬಣ್ಣ ಬಳಿದಂತೆ ಇದು ಎಂದು ಮಾತ್ರ ಹೇಳಬೇಕಾಗುತ್ತದೆ. ಹಿಂದೆ ರಿಪೇರಿ ಮಾಡಿದವನು ಬೆಸೆದ ತಂತಿ, ಸಿಕ್ಕದ ವಾಲ್ವಿನ ಬದಲು ಹಾಕಿದ ಇನ್ನೊಂದು ವಾಲ್ವು, ತಗಡಿನ ಒಳಮೈಯ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು, ಇವೇ ಆ ಪೆಟ್ಟಿಗೆ ನಮ್ಮ ಸೀಮೆಯಲ್ಲಿ ಬಾಳಿದುದಕ್ಕೆ ಆಧಾರಗಳು. ಇವನ್ನು ತೆಗೆದರೆ ಉಳಿಯುವುದು ಷಿಕಾಗೋ ಅಥವಾ ಜರ್ಮನಿಯ ಚರಿತ್ರೆ, ಅರಕಲಗೂಡಿನದಲ್ಲ.

ಇಷ್ಟನ್ನು ಹೇಳುವ ಅಧಿಕಾರ ನನಗೆ ಬಂದದ್ದು ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಅರಕಲಗೂಡಿನ ಕಡೆಯ ಮನೆಯೊಂದರ ಅಟ್ಟದಿಂದ ಇಳಿಸಿದ ಕಾರಿನ ಬಾನುಲಿಯೊಂದು ನನ್ನ ಕೈಗೆ ಬಂದಿತು. ಕಾರು ಮಾರಿಹೋಗಿ ಬಹುಕಾಲವಾಗಿತ್ತು. ಡಯಲಿನ ಗಾಜಿನ ಎರಡು ಬದಿಯಲ್ಲಿಯೂ ಧೂಳು ಗಟ್ಟಿಯಾಗಿ ಕೂತಿತ್ತು. ಅಂಕಿಗಳನ್ನು ಓದುವ ಆತುರದಲ್ಲಿ ಗಾಜನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರಸಿದೆ. ಧೂಳಿನೊಡನೆ ಅಕ್ಷರಗಳೂ ಹೋದುವು. ಹಳೆಯ ಡಯಲುಗಳ ಬರಹ ಗಾಜಿನ ಹಿಂಬದಿಯಲ್ಲಿರುತ್ತದೆ. ವಯಸ್ಸಾದಂತೆ ಅದರ ಬಣ್ಣ ಹಿಡಿತ ತಪ್ಪಿ, ತೇವ ತಾಗಿದರೆ ಕಳಚಿಕೊಳ್ಳುತ್ತದೆ. ನುರಿತ ಸಂಗ್ರಹಕಾರರಿಗೆ ಇದು ಮೊದಲ ಪಾಠ. ಚರಿತ್ರೆಯ ಉಪನ್ಯಾಸಕನಾದ ನಾನು ಅದನ್ನು ಯಾರಲ್ಲಿಯೂ ವಿಚಾರಿಸಿರಲಿಲ್ಲ, ಒರಸುವ ಮೊದಲು ಒಂದು ಛಾಯಾಚಿತ್ರವನ್ನೂ ತೆಗೆದಿರಲಿಲ್ಲ.

ಆ ಮನೆಯವರಲ್ಲಿ ಪರವಾನಗಿ ಪುಸ್ತಕವಿದೆಯೇ ಎಂದು ವಿಚಾರಿಸಿದೆ. 1933ರ ನಿಸ್ತಂತು ಕಾಯಿದೆಯ ಮೇರೆಗೆ ಪರವಾನಗಿ ಇಲ್ಲದೆ ಬಾನುಲಿಯನ್ನು ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಈ ಪದ್ಧತಿ ಕೊನೆಗೊಂಡಿತು. ಅನೇಕ ಮನೆಗಳಲ್ಲಿ ಆ ಪುಸ್ತಕಗಳು ರದ್ದಿಗೆ ಹೋದುವು. ಈ ಮನೆಯಲ್ಲಿಯೂ ಅದೇ ಆಗಿತ್ತು. ಮನೆಯ ಹಿರಿಯರು ಹೇಳಿದ್ದು ಇಷ್ಟೇ: “ರಾಮನಾಥಪುರದ ಜಾತ್ರೆಗೆ ಹೋದಾಗ ಹೊಳೆಯ ದಂಡೆಯಲ್ಲಿ ಕಾರು ನಿಲ್ಲಿಸಿ ನಮ್ಮಣ್ಣ ಹಾಡು ಹಾಕೋರು ಸ್ವಾಮಿ, ಜನ ಸುತ್ತ ಕೂತ್ಕೊಳೋರು. ಬ್ಯಾಟ್ರಿ ಇಳಿದುಹೋಗಿ ಕಾರನ್ನ ಅವರೇ ನೂಕಿ ಕೊಡೋರು.” ಯಾವ ಹಾಡು, ಯಾವ ನಿಲಯ ಎಂಬುದು ಅವರ ನೆನಪಿನಲ್ಲಿರಲಿಲ್ಲ.

ಆದರೆ ಆ ಗಾಜಿನ ಮುಂಬದಿಯಲ್ಲಿ, ನಾನು ಗಮನಿಸದಿದ್ದ ಎರಡು ಕೆಂಪು ಚುಕ್ಕೆಗಳಿದ್ದುವು. ಯಾರೋ ಉಗುರಿನ ಬಣ್ಣದಿಂದ ಇಟ್ಟವು. ಗಟ್ಟಿ ಬಣ್ಣವಾದುದರಿಂದ ನನ್ನ ಒದ್ದೆ ಬಟ್ಟೆಗೆ ಅವು ಬಗ್ಗಲಿಲ್ಲ. ಕತ್ತಲೆಯಲ್ಲಿಯೂ ಮುಳ್ಳನ್ನು ಬೇಕಾದಲ್ಲಿ ನಿಲ್ಲಿಸಲು ಮಾಡಿಕೊಂಡ ಗುರುತುಗಳಿರಬೇಕು. ಭೌತಶಾಸ್ತ್ರ ವಿಭಾಗದ ಸ್ನೇಹಿತರು ಪೆಟ್ಟಿಗೆಗೆ ಜಾಗರೂಕತೆಯಿಂದ ವಿದ್ಯುತ್ತು ಕೊಟ್ಟು, ಸಂಕೇತಜನಕ ಯಂತ್ರದಿಂದ ಪರೀಕ್ಷಿಸಿದರು. ಮುಳ್ಳು ಮೊದಲನೆಯ ಚುಕ್ಕೆಯ ಮೇಲೆ ನಿಂತಾಗ ಮಧ್ಯಮ ತರಂಗದಲ್ಲಿ 490 ಮೀಟರಿನ ಆಸುಪಾಸು ಬಂದಿತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕಂಪನಾಂಕಕ್ಕೆ ಸಲ್ಲುವ ತರಂಗಾಂತರ ಅದೇ. ಎರಡನೆಯದು ಮಧ್ಯಮ ತರಂಗದಲ್ಲಿ ಯಾವ ನಿಲಯಕ್ಕೂ ಹೊಂದಲಿಲ್ಲ. ಹ್ರಸ್ವ ತರಂಗದ ಗುಂಡಿಯನ್ನು ಒತ್ತಿ ನೋಡಿದಾಗ ಅದು 41 ಮೀಟರಿನ ಪಟ್ಟಿಯೊಳಗೆ ಬಿದ್ದಿತು. ಆ ಪಟ್ಟಿಯಲ್ಲಿ ನಿಲಯಗಳು ಹಲವಾರು. ಹಳೆಯ ಕಂಡೆನ್ಸರುಗಳು ವಯಸ್ಸಿನಿಂದ ಸ್ವಲ್ಪ ಅತ್ತಿತ್ತ ಸರಿದಿರುವ ಸಂಭವವೂ ಉಂಟು. ಆದುದರಿಂದ ಅದು ಸಿಲೋನೇ ಎಂದು ಬರೆದುಬಿಡಲು ನಾನು ಸಿದ್ಧನಿಲ್ಲ. ಪೆಟ್ಟಿಗೆ ಈಗ ನಮ್ಮ ವಿಭಾಗದ ಕಪಾಟಿನಲ್ಲಿದೆ. ಗಾಜಿನ ಮೇಲೆ ಉಳಿದಿರುವುದು ಆ ಎರಡು ಚುಕ್ಕೆಗಳು ಮಾತ್ರ. ನೋಡಬಯಸುವವರು ದಯಮಾಡಿ ಒಣಗಿದ ಕೈಯಿಂದ ಮುಟ್ಟಬೇಕು.